ಹೆಗಲ ಮೇಲೆ ನೊಗದ ಗುರುತಿಲ್ಲ

ಚಳ್ಳಕೆರೆಯ ತಾಲ್ಲೂಕು ಕಚೇರಿಯಲ್ಲಿ ನಾನು ಕೂತು ಬರೆಯುತ್ತಿದ್ದ ಜಾಗದ ಎದುರು ಗೋಡೆಗೆ ಒಂದು ನಕ್ಷೆ ತೂಗುಹಾಕಿದ್ದರು. ಕೆಳಗೆ ಚಳ್ಳಕೆರೆ, ನಡುವೆ ತಳಕು, ಮೇಲೆ ಮೊಳಕಾಲ್ಮೂರು, ಅದಕ್ಕೂ ಮೇಲೆ ರಾಂಪುರ. ರಾಂಪುರದಾಚೆ ಒಂದು ಕೆಂಪು ಗೆರೆ. ಗೆರೆಯ ಆಚೆಗೆ ಏನೂ ಇಲ್ಲ, ಬರೀ ಬಿಳಿ ಕಾಗದ. ಅಲ್ಲಿಂದ ಮುಂದೆ ಇಂಗ್ಲಿಷರ ಸೀಮೆ. ಮೈಸೂರು ಸರ್ಕಾರದ ಸರ್ವೆಯವರಿಗೆ ಅದರ ಗೊಡವೆ ಬೇಕಿರಲಿಲ್ಲ, ಹಾಗೇ ಬಿಟ್ಟಿದ್ದರು. ನಾನು ಮಾತ್ರ ಬಿಡಲಿಲ್ಲ. ಆ ಬಿಳಿ ಜಾಗದಲ್ಲಿ ಮೂರು ವರ್ಷ ಕಾಡು ಬೆಳೆಸಿದೆ, ಹೊಳೆ ಹರಿಸಿದೆ, ಹುಲಿ ಬಿಟ್ಟೆ, ಕುದುರೆ ಓಡಿಸಿದೆ. ಎಲ್ಲ ಕಡೆಯೂ ಗೆದ್ದು ಬರುವವನು ನಾನೇ.

ಆಗ ನನಗೆ ಇಪ್ಪತ್ತಾರು. ಕೆಲಸ ನಕಲು ಗುಮಾಸ್ತನದು. ಹಳ್ಳಿಗಳಿಂದ ಶಾನುಭೋಗರು ಕಳಿಸಿದ ವರದಿಗಳನ್ನು ಚೊಕ್ಕಟವಾಗಿ ಬರೆದು ಅಮಲ್ದಾರರ ರುಜುವಿಗೆ ಇಡುವುದು. ಬರೆಯುವ ಕೈಗೆ ತಲೆಯ ಅಗತ್ಯವೇನೂ ಇರಲಿಲ್ಲವಾದ್ದರಿಂದ ನನ್ನ ತಲೆ ಸದಾ ಊರಾಡುತ್ತಿತ್ತು. ಶಿರಸ್ತೇದಾರರು ಎರಡು ಸಲ ಕೂಗಿದರೂ ನನಗೆ ಕೇಳಿಸುತ್ತಿರಲಿಲ್ಲ. ಮೂರನೆಯ ಸಲ ಅವರು ಕೂಗುವ ಬದಲು ನಶ್ಯದ ಡಬ್ಬಿಯನ್ನು ನೆಲಕ್ಕೆ ಕುಟ್ಟುತ್ತಿದ್ದರು. ಕಚೇರಿಯವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸಂಜೆ ಕೋಣೆಗೆ ಹೋದ ಮೇಲೆ ನಗು ಬರುತ್ತಿರಲಿಲ್ಲ.

ನಾನು ಈ ಸೀಮೆಯವನಲ್ಲ, ಶಿವಗಂಗೆ ಕಡೆಯವನು. ಮದುವೆಯಾಗಿ ಒಂದು ವರ್ಷಕ್ಕೆ ಊರಿನಲ್ಲಿ ಪ್ಲೇಗು ಬಂತು. ಊರ ಹೊರಗಿನ ಗುಡಿಸಲಿನಲ್ಲಿ ನನ್ನ ಹೆಂಡತಿ ನಾಲ್ಕು ದಿನ ಮಲಗಿ ಹೋಗಿಬಿಟ್ಟಳು. ನನ್ನನ್ನು ಒಳಗೆ ಬಿಡಲಿಲ್ಲ. ನಾನು ಬೇಲಿಯ ಹೊರಗೆ ನಿಂತಿದ್ದೆ, ಅಷ್ಟೆ. ಬೇಲಿ ಹಾರಬಹುದಿತ್ತು, ಕಾವಲಿಗೆ ಇದ್ದವನು ಮುದುಕ. ಹಾರಲಿಲ್ಲ. ಆಮೇಲೆ ಕೆಲಸ ಸಿಕ್ಕಿ ಚಳ್ಳಕೆರೆಗೆ ಬಂದೆ. ಪೇಟೆ ಬೀದಿಯ ಹಿಂದೆ ಒಂದು ಕೋಣೆ, ದಿನಕ್ಕೊಂದು ಹೊತ್ತು ಅನ್ನ, ಮಾತಾಡಿಸಲು ಗೋಡೆ. ಕನಸಿನಲ್ಲಿ ಅಷ್ಟೊಂದು ಹುಲಿ ಹೊಡೆಯುತ್ತಿದ್ದವನು ಯಾಕೆ ಹೊಡೆಯುತ್ತಿದ್ದ ಎಂದು ಈಗ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹಾರದ ಬೇಲಿಯನ್ನು ದಿನಾ ಹಾರುತ್ತಿದ್ದೆ.

ಒಂದು ಬೇಸಿಗೆ ಒಬ್ಬ ಶಾನುಭೋಗರಿಂದ ಬಿಡಾಡಿ ದನಗಳ ಪಟ್ಟಿ ಬಂತು. ಯಾರದೋ ಹೊಲಕ್ಕೆ ನುಗ್ಗಿ ಸಿಕ್ಕಿಬಿದ್ದ ದನಗಳನ್ನು ಸರ್ಕಾರದ ದೊಡ್ಡಿಗೆ ಕೂಡುತ್ತಿದ್ದರು. ವಾಯಿದೆಯೊಳಗೆ ವಾರಸುದಾರರು ಬಾರದಿದ್ದರೆ ಹರಾಜು. ಹರಾಜಿಗೆ ಮುಂಚೆ ದನದ ಗುರುತು ಬರೆದು ಹಳ್ಳಿಹಳ್ಳಿಗೆ ಕಳಿಸುವುದು, ತಳವಾರ ತಮಟೆ ಹೊಡೆದು ಅದನ್ನು ಓದಿಸಿ ಹೇಳುವುದು. ಪಟ್ಟಿಯಲ್ಲಿ ಒಂದು ಎತ್ತಿನ ಮುಂದೆ ಶಾನುಭೋಗರು ಹೀಗೆ ಬರೆದಿದ್ದರು: ಬಿಳಿ ಎತ್ತು, ಪ್ರಾಯದ್ದು, ಕೊಂಬು ಹಿಂದಕ್ಕೆ, ಹೆಗಲ ಮೇಲೆ ನೊಗದ ಗುರುತಿಲ್ಲ. ನಾನು ಬರೆದದ್ದು: ಬಿಳಿ ಎತ್ತು, ಪ್ರಾಯದ್ದು, ಕೊಂಬು ಹಿಂದಕ್ಕೆ. ಆ ಕೊನೆಯ ನಾಲ್ಕು ಮಾತು ಬರೆಯುವ ಹೊತ್ತಿಗೆ ನಾನು ಕೆಂಪು ಗೆರೆಯ ಆಚೆ ಇದ್ದೆ. ಅಲ್ಲೇನು ಮಾಡುತ್ತಿದ್ದೆನೋ, ಈಗ ನೆನಪಿಲ್ಲ. ವಾಪಸು ಬಂದಾಗ ಸಾಲು ಮುಗಿದಂತೆ ಕಂಡಿತು, ಮುಂದಿನ ದನಕ್ಕೆ ಹೋದೆ.

ಆ ಸೀಮೆಯಲ್ಲಿ ಹುಟ್ಟಿದ ಯಾವ ಮಗುವಿಗಾದರೂ ಆ ನಾಲ್ಕು ಮಾತಿನ ಅರ್ಥ ಗೊತ್ತು. ಪ್ರಾಯಕ್ಕೆ ಬಂದ ಎತ್ತಿನ ಹೆಗಲಲ್ಲಿ ನೊಗದ ಗುರುತಿಲ್ಲವೆಂದರೆ ಅದು ದೇವರೆತ್ತು. ಕುಲದ ದೇವರಿಗೆ ಬಿಟ್ಟ ಹಿಂಡಿನದು. ಉಳುವಂತಿಲ್ಲ, ಗಾಡಿ ಕಟ್ಟುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಅದನ್ನು ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಅವನು ಕಾಲಿಗೆ ಚಪ್ಪಲಿ ಹಾಕುವುದಿಲ್ಲ, ಊರೊಳಗೆ ಕಾಲಿಡುವುದಿಲ್ಲ, ದನ ಕೂಡುವ ಮುಳ್ಳುಬೇಲಿಯ ರೊಪ್ಪವೇ ಅವನ ಮನೆ. ಪ್ರಕಟಣೆಯಲ್ಲಿ ಆ ಮಾತಿದ್ದರೆ ತಮಟೆಯ ಸದ್ದು ಅಡಗುವ ಮುಂಚೆ ಹತ್ತು ಜನ ಓಡಿಬರುತ್ತಿದ್ದರು. ಬಿಳಿ ಎತ್ತು ಎಂದು ಕೇಳಿ ಯಾರೂ ಬರಲಿಲ್ಲ; ಬಿಳಿ ಎತ್ತು ಯಾವ ಊರಲ್ಲಿಲ್ಲ? ಹರಾಜಾಯಿತು. ದಲ್ಲಾಳಿಯೊಬ್ಬ ಹಿಡಿದುಕೊಂಡು ಹೋದ.

ಎಂಟು ದಿನದ ಮೇಲೆ ಕಿಲಾರಿ ಬಂದ. ಐವತ್ತು ದಾಟಿದ ಮನುಷ್ಯ, ಕರಿ ಕಂಬಳಿ, ಜ್ವರದಿಂದ ಎದ್ದು ಬಂದ ಮುಖ. ಜ್ವರ ಬಂದು ಬಿದ್ದಿದ್ದಾಗಲೇ ಎತ್ತು ತಪ್ಪಿಸಿಕೊಂಡಿತ್ತಂತೆ. ಕಚೇರಿಯ ಒಳಗೆ ಬರಲಿಲ್ಲ, ಜಗಳ ಮಾಡಲಿಲ್ಲ, ಅರ್ಜಿ ಕೊಡಲಿಲ್ಲ. ಕಚೇರಿ ಇದ್ದದ್ದು ಊರಾಚೆ; ಎದುರಿನ ಬೇವಿನ ಮರದ ಕೆಳಗೆ ಬಾಗಿಲಿಗೆ ಮುಖಮಾಡಿ ಕೂತ. ಎತ್ತು ಬರುವ ತನಕ ಬೇಯಿಸಿದ್ದನ್ನು ಮುಟ್ಟುವುದಿಲ್ಲ ಎಂದು ಹೇಳಿದ್ದನಂತೆ. ಶಿರಸ್ತೇದಾರರು ಹಳೆಯ ಪಟ್ಟಿ ತರಿಸಿದರು, ನನ್ನ ಪ್ರತಿಯನ್ನು ಪಕ್ಕದಲ್ಲಿಟ್ಟರು, ಒಂದೊಂದು ಸಾಲಿಗೂ ಬೆರಳಿಟ್ಟು ಬಂದರು. ಬೆರಳು ಒಂದು ಕಡೆ ನಿಂತಿತು. ಆ ದಿನ ಅವರು ಡಬ್ಬಿ ಕುಟ್ಟಲಿಲ್ಲ. ಬೈದಿದ್ದರೂ ಆಗುತ್ತಿತ್ತು.

ಅಮಲ್ದಾರರು ಒಳ್ಳೆಯವರು. ಹರಾಜು ರದ್ದಾಯಿತೆಂದೂ ಕೊಂಡವನಿಗೆ ಹಣ ಕಚೇರಿಯಿಂದ ವಾಪಸು ಸಿಗುವುದೆಂದೂ ಕಾಗದ ಮಾಡಿಸಿದರು. ಜವಾನರು ಬಿಡುವಾದಾಗ ಹುಡುಕಲಿ ಎಂದರು. ಬಿಡುವು ಯಾವಾಗ ಆಗುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು, ತಪ್ಪು ನನ್ನದೇ ಎಂದು ಹೇಳಿದೆ. ಅವನು ತಲೆಯೆತ್ತಿ ನನ್ನ ಮುಖ ನೋಡಲಿಲ್ಲ, ಆಕಾಶ ನೋಡಿದ.

"ರೋಹಿಣಿ ಮಳೆ ಹತ್ರ ಬಂದೈತೆ ಸ್ವಾಮಿ. ಮಳೆ ಬಿದ್ರೆ ಕೊಂಡೋನು ಹೂಡ್ತಾನೆ. ಒಂದ್ ಸಲ ನೊಗ ಬಿದ್ ಮ್ಯಾಲೆ ಅದು ದೇವ್ರದ್ದಲ್ಲ. ರೊಪ್ಪಕ್ಕೆ ತರಂಗಿಲ್ಲ. ನಾನೂ ಹೋಗಂಗಿಲ್ಲ."

ಅದನ್ನು ಅವನು ದೂರಿನಂತೆ ಹೇಳಲಿಲ್ಲ. ಮಳೆಗಾಗಿ ಜೀವ ಬಿಡುವ ಆ ಸೀಮೆಯಲ್ಲಿ ಮಳೆ ಬರಬಾರದು ಎಂದು ಬೇಡುತ್ತಾ ಕೂತಿದ್ದವನು ಅವನೊಬ್ಬನೇ. ನಾನು ಒಳಗೆ ಹೋಗಿ ಅಮಲ್ದಾರರ ಕಾಗದವನ್ನು ನನಗೇ ಕೊಡಬೇಕೆಂದು ಕೇಳಿದೆ. ಕಚೇರಿಯವರು ಮತ್ತೆ ನಗಲು ಶುರುಮಾಡಿದರು.

ಮಾರನೆಯ ಬೆಳಗ್ಗೆ ಹೊರಟೆವು. ಎತ್ತು ಎಳೆಯುವ ಗಾಡಿಯನ್ನು ಕಿಲಾರಿ ಹತ್ತುವುದಿಲ್ಲ. ಅವನು ನಡೆದ ಮೇಲೆ ನಾನು ಗಾಡಿಯಲ್ಲಿ ಕೂರುವುದು ಹೇಗೆ? ತಳಕಿನವರೆಗೆ ನಡೆಯುವಷ್ಟರಲ್ಲಿ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಗಿ, ಎರಡು ಹಿಮ್ಮಡಿಯಲ್ಲೂ ಬೊಬ್ಬೆ ಎದ್ದಿದ್ದವು. ಮನಸ್ಸಿನ ಕುದುರೆಗಳ ಮೇಲೆ ಅಷ್ಟು ದೂರ ಹೋಗಿದ್ದವನಿಗೆ ನೆಲದ ಮೇಲಿನ ದೂರ ಎಷ್ಟೆಂದು ಅವತ್ತು ತಿಳಿಯಿತು. ಅವನು ಊರೊಳಗೆ ಬರುವುದಿಲ್ಲವಾದ್ದರಿಂದ ವಿಚಾರಿಸುವುದು ನನ್ನ ಪಾಲಿಗೆ. ಅವನು ಊರಾಚೆ ಹುಣಸೆ ಮರದ ಕೆಳಗೆ ನಿಲ್ಲುವುದು, ನಾನು ಒಳಗೆ ಹೋಗಿ ಅಂಗಡಿಯವರನ್ನು ಕೇಳಿಕೊಂಡು ಬರುವುದು. ಹೀಗೇ ಆಯಿತು. ತಳಕಿನ ಒಂದು ಅಂಗಡಿಯವನು, ದಲ್ಲಾಳಿ ಬಿಳಿ ಎತ್ತು ಹೊಡೆದುಕೊಂಡು ಮೊಳಕಾಲ್ಮೂರಿನ ಕಡೆ ಹೋದ ಎಂದ.

ಎರಡನೆಯ ದಿನ ಇಡೀ ದಾರಿ ಬಂಡೆ, ಜಾಲಿ, ಬಿಸಿಲು. ಅವನು ಮುಂದೆ, ನಾನು ಹಿಂದೆ. ನೆನೆಸಿದ ಕಡಲೆಯನ್ನು ಕಂಬಳಿಯ ಸೆರಗಿನ ಗಂಟಿನಿಂದ ತೆಗೆದು ನನಗೂ ಕೊಡುತ್ತಿದ್ದ. ಬಿಸಿಲಿಗೆ ನಿಂತಾಗ ಕಂಬಳಿಯ ಅರ್ಧ ನೆರಳು ನನಗೆ ಬರುವಂತೆ ಹಿಡಿಯುತ್ತಿದ್ದ. ಮಾತು ಕಡಿಮೆ. ಆದರೂ ಮೂರು ವರ್ಷದಲ್ಲಿ ನಾನು ಯಾರ ಜೊತೆಗೂ ಅಷ್ಟು ಹೊತ್ತು ಇದ್ದಿರಲಿಲ್ಲ. ಮಧ್ಯಾಹ್ನ ನಾನೇ ಬಾಯಿಬಿಟ್ಟು ಪ್ಲೇಗು ಗುಡಿಸಲಿನ ಸುದ್ದಿ ಹೇಳಿದೆ. ಬೇಲಿಯ ಸುದ್ದಿಯನ್ನೂ ಹೇಳಿದೆ. ಅದನ್ನು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಅವನು ಸಮಾಧಾನ ಹೇಳಲಿಲ್ಲ, ಸ್ವಲ್ಪ ದೂರ ನನ್ನ ಪಕ್ಕಕ್ಕೆ ಬಂದು ನಡೆದ. ಅವನಿಗೆ ಹೆಂಡತಿ ಮಕ್ಕಳು ಇಲ್ಲವೇ ಎಂದು ಕೇಳಿದೆ. ಕಿಲಾರಿಯಾದ ಮೇಲೆ ಇಲ್ಲ ಎಂದ. ಎತ್ತುಗಳ ಹತ್ತಿರ ಮಾತಾಡುತ್ತೀಯಾ ಎಂದೆ. ಆಡುತ್ತೇನೆ, ಅವು ಎದುರು ಹೇಳುವುದಿಲ್ಲ ಎಂದ. ಇಬ್ಬರೂ ನಕ್ಕೆವು. ಗೋಡೆಯ ಜೊತೆ ಮಾತಾಡುವವನಿಗೆ ಎತ್ತಿನ ಜೊತೆ ಮಾತಾಡುವವನು ಸಿಕ್ಕಿದ್ದ.

ಮೊಳಕಾಲ್ಮೂರಿನ ಸಂತೆಯಲ್ಲಿ ದಲ್ಲಾಳಿಯೇ ಸಿಕ್ಕಿದ. ಅರ್ಧ ಕನ್ನಡ ಅರ್ಧ ತೆಲುಗು ಆಡುತ್ತಾ, ಕಾಗದ ತೋರಿಸಿದ್ದಕ್ಕೆ ಹೆದರಿ, ಎತ್ತನ್ನು ರಾಂಪುರದಾಚೆಯ ಒಬ್ಬ ರೈತನಿಗೆ ಕೊಟ್ಟಾಯಿತು ಎಂದ. ಪಳಗಿಸದ ಎತ್ತೆಂದು ಅಗ್ಗಕ್ಕೆ ಕೊಟ್ಟನಂತೆ. ಹಳ್ಳ ದಾಟಿದರೆ ಗಡಿಕಲ್ಲು, ಕಲ್ಲಿನ ಪಕ್ಕವೇ ಆ ರೈತನ ಹೊಲ, ಗುಡಿಸಲು. ಅಂದರೆ ಕೆಂಪು ಗೆರೆಯ ಆಚೆ. ನನ್ನ ಬಿಳಿ ಕಾಗದದ ಮೇಲೆ.

ಮೂರನೆಯ ದಿನ ರಾಂಪುರ ಬಿಟ್ಟು ಹೊರಟಾಗ ಮೋಡ ಕಟ್ಟಿತು. ಹೊಲದ ಬದುವಿನಲ್ಲಿ ಜನ ಮೇಲೆ ನೋಡುತ್ತಾ ನಿಂತಿದ್ದರು, ಮುಖದಲ್ಲಿ ಹಬ್ಬ. ಕಿಲಾರಿಯ ನಡಿಗೆ ಓಟವಾಯಿತು. ಓಡುವ ಭರದಲ್ಲಿ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕಿತು, ಬೆರಳುದ್ದದ್ದು. ಕಿತ್ತು ಎಸೆದು ಮತ್ತೆ ನಡೆದ. ಹಳ್ಳದ ದಂಡೆ ಮುಟ್ಟುವ ಹೊತ್ತಿಗೆ ಮಳೆ ಹಿಡಿಯಿತು. ಎಂಥ ಮಳೆ ಎಂದರೆ ಎದುರಿಗೆ ನಿಂತವನ ಮುಖ ಕಾಣಲಿಲ್ಲ. ದಂಡೆಯ ಮೇಲಿನ ಹಾಳು ಮಂಟಪದಲ್ಲಿ ಕಂಬಳಿ ಹೊದ್ದು ಕೂತೆವು. ಅವನು ರಾತ್ರಿಯಿಡೀ ಹಳ್ಳದ ಕಡೆಯೇ ನೋಡುತ್ತಿದ್ದ. ಬೆಳಕು ಹರಿದಾಗ ಮಳೆ ನಿಂತಿತ್ತು, ಒಣಗಿ ಬಿದ್ದಿದ್ದ ಹಳ್ಳ ದಂಡೆಯಿಂದ ದಂಡೆಗೆ ಕೆಂಪಗೆ ಹರಿಯುತ್ತಿತ್ತು. ಕಿಲಾರಿಯ ಕಾಲು ಊದಿ ಕುಂಬಳಕಾಯಿಯಾಗಿತ್ತು. ಎದ್ದು ನಿಂತ, ಕೂತುಬಿಟ್ಟ. ಆಚೆ ದಂಡೆಯಲ್ಲಿ ಗಡಿಕಲ್ಲು ಕಾಣುತ್ತಿತ್ತು.

ಅವತ್ತು ನಾನು ಏನನ್ನೂ ಕಲ್ಪಿಸಿಕೊಳ್ಳಲಿಲ್ಲ. ಹೆದರಿಕೆಯಾಗಿತ್ತು, ಅಷ್ಟೇ. ನನಗೆ ಈಜು ಬಾರದು. ನೀರು ನೋಡಬೇಡಿ, ಕಲ್ಲು ನೋಡಿ, ಓರೆಯಾಗಿ ಹೋಗಿ ಎಂದು ಅವನು ಹೇಳಿಕೊಟ್ಟ. ತನ್ನ ಕೋಲು ಕೊಟ್ಟ. ಇಳಿದೆ. ನೀರು ಮೊಳಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ನಡುವೆ ಒಂದು ಕಡೆ ಕಾಲ ಕೆಳಗೆ ನೆಲವೇ ಇರಲಿಲ್ಲ. ಮುಳುಗಿ ಬಾಯಿತುಂಬ ಕೆಸರು ಕುಡಿದೆ. ಕೋಲು ಎಲ್ಲೋ ಕಲ್ಲಿಗೆ ತಗುಲಿ ನಿಂತಿತು, ಅದನ್ನು ಹಿಡಿದು ಎದ್ದೆ. ಹಿಂದಿನಿಂದ ಅವನು ಏನೋ ಕೂಗುತ್ತಿದ್ದ, ಕೇಳಿಸಲಿಲ್ಲ. ಆಚೆ ದಂಡೆಗೆ ತೆವಳಿ ಗಡಿಕಲ್ಲನ್ನು ತಬ್ಬಿಕೊಂಡು ವಾಂತಿ ಮಾಡಿದೆ. ಅಲ್ಲೇ ನಿಂತು ಮೂರು ವರ್ಷ ಕಾಡು ಬೆಳೆಸಿದ್ದ ಸೀಮೆಯನ್ನು ನೋಡಿದೆ. ಈಚೆಗಿದ್ದ ಕೆಂಪು ಮಣ್ಣೇ ಆಚೆಗೂ ಇತ್ತು, ಅದೇ ಜಾಲಿ, ಅದೇ ಕಲ್ಲು.

ಹೊಲದಲ್ಲಿ ಬಿಳಿ ಎತ್ತು ನೊಗದ ಕೆಳಗೆ ಮಲಗಿತ್ತು.

ಮಣ್ಣಿನ ಹದ ತಪ್ಪಬಾರದೆಂದು ರೈತ ಬೆಳಕು ಬಿಡುವ ಮುಂಚೆಯೇ ಹೂಡಿದ್ದ. ಮೂಗುದಾರ ಹಾಕಿಸುವಷ್ಟೂ ಪುರಸೊತ್ತಿಲ್ಲದೆ ಬರೀ ಮುಖದ ಹಗ್ಗದಲ್ಲೇ ಕಟ್ಟಿದ್ದ. ಕೊಸರಾಡುತ್ತಾ ಅರ್ಧ ಸಾಲು ಎಳೆದು ಎತ್ತು ಮಲಗಿಬಿಟ್ಟಿತ್ತು. ಜೋಡಿಯ ಇನ್ನೊಂದು ಎತ್ತು ಪಕ್ಕದಲ್ಲಿ ಬಗ್ಗಿ ನಿಂತಿತ್ತು. ರೈತ ಬಾರುಕೋಲು ಹಿಡಿದು ಸಾಕಾಗಿ ನಿಂತಿದ್ದ. ನಾನು ಕಾಗದ ತೆಗೆದೆ. ಅದು ಒದ್ದೆ ಮುದ್ದೆಯಾಗಿತ್ತು, ಬಿಡಿಸಿದರೆ ಶಾಯಿಯೆಲ್ಲ ಹೋಗಿ ನೀಲಿ ಕಲೆ ಉಳಿದಿತ್ತು. ಇಷ್ಟು ವರ್ಷ ಬರವಣಿಗೆಯನ್ನೇ ನಂಬಿದವನು ಬಾಯಿಂದಲೇ ಹೇಳಬೇಕಾಯಿತು. ದೇವರೆತ್ತು ಎಂದೆ. ರೈತ ಬಾರುಕೋಲು ಕೈಬಿಟ್ಟ. ಓಡಿಹೋಗಿ ನೊಗ ಬಿಚ್ಚಿದ. ತನ್ನ ಮನೆಗೆ ಕೇಡಾಗುತ್ತದೆ, ಯಾರಿಗೂ ಹೇಳಬೇಡಿ ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಬೇಡಿಕೊಂಡ. ಹಣ ಬರುತ್ತದೆ ಎಂದು ನಾನು ಹೇಳಿದ್ದು ಅವನ ಕಿವಿಗೇ ಬೀಳಲಿಲ್ಲ.

ಹೆಗಲ ಮೇಲೆ ಅಂಗೈ ಅಗಲ ಕೂದಲು ಸವೆದು, ಒಳಗಿನ ಚರ್ಮ ಕೆಂಪಗೆ ಕಾಣುತ್ತಿತ್ತು. ರೈತನೂ ನಾನೂ ಬಾವಿಯಿಂದ ನೀರು ಸೇದಿ ತೊಳೆದೆವು, ಒಣಹುಲ್ಲಿನಿಂದ ಸುತ್ತಲ ಕೂದಲನ್ನು ಅದರ ಮೇಲೆ ಬಾಚಿದೆವು. ದೂರದಿಂದ ಕಾಣದಂತಾಯಿತು. ಎತ್ತನ್ನು ಗೋದಲಿಗೆ ಕಟ್ಟಿ ಹುಲ್ಲು ಹಾಕಿದೆವು.

ಹಳ್ಳದ ನೀರು ಇಳಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಿಲಾರಿ ಕುಂಟುತ್ತಾ ಬಂದ. ಎತ್ತು ಅವನ ವಾಸನೆ ಹಿಡಿದು ಹೂಂಕರಿಸಿತು. ಅವನು ಅದರ ಹಣೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತ. ಆಮೇಲೆ ತಿರುಗಿ ನನ್ನ ಕಡೆ ನೋಡದೆ ಕೇಳಿದ.

"ಹೂಡಿದ್ರಾ ಸ್ವಾಮಿ?"

"ಇಲ್ಲ," ಎಂದೆ. "ನಾನು ಬಂದಾಗ ಇಲ್ಲೇ ಕಟ್ಟಿತ್ತು."

ಹುಟ್ಟಿದಾಗಿನಿಂದ ನನಗೆ ನಾನೇ ಸಾವಿರ ಸುಳ್ಳು ಕತೆ ಹೇಳಿಕೊಂಡಿದ್ದೆ. ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಅವನು ತಲೆಯಾಡಿಸಿದ. ಸೊಂಟದ ಚೀಲದಿಂದ ವಿಭೂತಿ ತೆಗೆದು ಎತ್ತಿನ ಹಣೆಗೆ ಹಚ್ಚಿದ, ಬೆನ್ನಿಗೆ ಹಚ್ಚಿದ, ಹೆಗಲಿಗೆ ದಪ್ಪವಾಗಿ ಬಳಿದ. ಭಕ್ತಿ ಎಂದುಕೊಂಡೆ. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೂರು ಕಲ್ಲು ಹೂಡಿ, ರೈತ ಕೊಟ್ಟ ಹಿಟ್ಟಿನಲ್ಲಿ ಅವನೇ ಮುದ್ದೆ ಮಾಡಿ ನನಗೂ ಬಡಿಸಿದ. ಅಷ್ಟು ರುಚಿಯ ಊಟ ನಾನು ಆಮೇಲೆ ಉಂಡಿಲ್ಲ.

ವಾಪಸು ಬರುವ ನಾಲ್ಕು ದಿನ ಎತ್ತಿನ ಹಿಂದೆ ಇಬ್ಬರೂ ಮಾತಾಡುತ್ತಾ ಬಂದೆವು. ಚಳ್ಳಕೆರೆಗೆ ಮುಂಚೆ, ದನ ಮೇಯುವ ಕಾವಲಿನ ಹತ್ತಿರ ಅವನ ದಾರಿ ಬೇರೆಯಾಯಿತು. ಸುಗ್ಗಿ ಮುಗಿದ ಮೇಲೆ ರೊಪ್ಪದಲ್ಲಿ ದೇವರಿಗೆ ಹಾಲಿನ ಎಡೆ ಇಡುತ್ತಾರೆ, ಆ ದಿನ ನೀವು ಬರಬೇಕು ಎಂದ. ಬರುತ್ತೇನೆ ಎಂದೆ.

ಹೋಗಲಿಲ್ಲ. ಹಾಲಿನ ದಿನ ಬೆಳಗ್ಗೆ ಪಂಚೆ ಉಟ್ಟು ಸಿದ್ಧನಾದೆ. ಅಷ್ಟೂ ಜನರ ನಡುವೆ ಆ ಎತ್ತಿಗೆ ಹೂ ಹಾಕಿ ಕೈಮುಗಿಯುವುದು, ನಾನು ಪಕ್ಕದಲ್ಲಿ ನಿಂತು ಅದರ ಹೆಗಲು ನೋಡುವುದು ಕಣ್ಣಿಗೆ ಬಂತು. ನೊಗ ಬಿದ್ದ ಎತ್ತನ್ನು ಅವರ ದೇವರ ಹಿಂಡಿಗೆ ಸೇರಿಸಿದವನು ನಾನು. ಅವನಿಗೆ ಗೊತ್ತಾದರೆ ಅವನ ಬಾಳೇ ಮುಗಿಯಿತು. ಪಂಚೆ ಬಿಚ್ಚಿಟ್ಟು ಮಲಗಿದೆ. ಮುಂದಿನ ವರ್ಷ ಅವನೇ ಬಂದು ಬೇವಿನ ಮರದ ಕೆಳಗೆ ನಿಂತ. ಕಚೇರಿಯಲ್ಲಿ ತುಂಬ ಕೆಲಸ ಎಂದೆ. ಅದರ ಮುಂದಿನ ವರ್ಷ ಮೈಗೆ ಹುಷಾರಿಲ್ಲ ಎಂದೆ. ಹೀಗೆ ಒಂಬತ್ತು ವರ್ಷ. ಕರೆಯುವುದನ್ನು ಅವನು ಒಂದು ವರ್ಷವೂ ತಪ್ಪಿಸಲಿಲ್ಲ, ನೆಪ ಹೇಳುವುದನ್ನು ನಾನೂ ತಪ್ಪಿಸಲಿಲ್ಲ. ಅವನು ಕುಂಟುತ್ತಾ ಹೊರಟುಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಹಗಲುಗನಸು ಬೀಳುವುದು ನಿಂತೇ ಹೋಗಿತ್ತು. ಅದೂ ಇಲ್ಲದ ಮೇಲೆ ಕೋಣೆ ಮೊದಲಿಗಿಂತ ಖಾಲಿಯಾಯಿತು. ನನಗೆ ಬೇಕಾದ ಒಬ್ಬನೇ ಮನುಷ್ಯ ಎರಡು ಹರದಾರಿ ದೂರದಲ್ಲಿದ್ದ, ನಾನು ಮತ್ತೆ ಬೇಲಿಯ ಹೊರಗೇ ನಿಂತಿದ್ದೆ.

ಹತ್ತನೆಯ ವರ್ಷ ಅವನು ಬರಲಿಲ್ಲ, ಸುದ್ದಿ ಬಂತು. ಎತ್ತು ಸತ್ತಿತ್ತು. ಮಣ್ಣಾಗಿ ಮೂರು ದಿನವಾಗಿತ್ತು. ಇನ್ನು ನೋಡಲು ಹೆಗಲಿಲ್ಲ ಎಂದು ಹೋದೆ. ಅಷ್ಟು ಹೇಡಿ ನಾನು.

ರೊಪ್ಪದ ಪಕ್ಕ ಹೊಸ ಮಣ್ಣಿನ ದಿಬ್ಬ, ಮೇಲೆ ಬಾಡಿದ ಹೂ. ಕಿಲಾರಿ ಒಬ್ಬನೇ ಕೂತಿದ್ದ, ತುಂಬ ಇಳಿದುಹೋಗಿದ್ದ. ಪಕ್ಕದಲ್ಲಿ ಕೂತೆ. ತಡೆಯಲಾಗಲಿಲ್ಲ, ಅವತ್ತು ನಾನು ಹೇಳಿದ್ದು ಸುಳ್ಳು ಎಂದೆ. ಅವನು ದಿಬ್ಬದ ಮೇಲಿನ ಒಂದು ಮಣ್ಣಿನ ಹೆಂಟೆ ತೆಗೆದು ಪುಡಿ ಮಾಡುತ್ತಾ ಹೇಳಿದ.

"ಗೊತ್ತೈತೆ ಸ್ವಾಮಿ. ಗುರ್ತು ಅವತ್ತೇ ಕಂಡಿದ್ದೆ. ಅದಕ್ಕೇ ಬೂದಿ ಬಳ್ದೆ. ನೀವು ಹೊಳೆ ಬಿದ್ದು ಬಂದಿದ್ರಿ. ಅದ್ನ ಬಿಟ್ಟು ಬರಾಕೆ ನನ್ ಕೈಲೂ ಆಗ್ಲಿಲ್ಲ."

ನಾನೂ ಒಂದು ಹೆಂಟೆ ಕೈಗೆ ತೆಗೆದುಕೊಂಡೆ.

"ದೇವ್ರ ಮುಂದೆ ಹತ್ತು ವರ್ಸ ಒಬ್ನೇ ನಿಂತೆ," ಎಂದ. "ಈ ಮಾತ ನಿಮ್ ತಾವ ಬಿಟ್ರೆ ಇನ್ಯಾರ್ ತಾವ ಆಡ್ಲಿ? ಅದಕ್ಕೇ ವರ್ಸಾ ಕರೆಯಾಕ್ ಬಂದಿದ್ದು."

ನಾನು ಅತ್ತೆ. ಅವನು ಎದ್ದು ಕಂಚಿನ ಲೋಟದಲ್ಲಿ ಹಾಲು ತಂದುಕೊಟ್ಟ, ನಾನು ಕುಡಿದೆ. ಹೊತ್ತು ಮುಳುಗುವ ತನಕ ಕೂತಿದ್ದೆವು. ಮುಂದಿನ ಹಾಲಿನ ದಿನಕ್ಕೆ ಕರೆಯದೆಯೇ ಬರುತ್ತೇನೆ ಎಂದು ಹೇಳಿ ಎದ್ದೆ.

ಹೋದೆ. ಎತ್ತಿನ ದಿಬ್ಬದ ಪಕ್ಕ ಇನ್ನೊಂದು ದಿಬ್ಬ ಎದ್ದಿತ್ತು. ರೊಪ್ಪದ ಬಾಗಿಲಲ್ಲಿ ಬೇರೊಬ್ಬ ಕಿಲಾರಿ ನಿಂತಿದ್ದ. ನೀವು ಯಾರು ಎಂದು ಕೇಳಿದ.